ಕಿಮ್ಚಿಗೆ ಉಪ್ಪಿನ ಅಳತೆ ಬರೆಯಿರಿ

ಮಾನ್ಯರೇ,

ಕೋಸನ್ನು ಹುಳಿ ಬರಿಸಿ ಮಾಡುವ ಕೊರಿಯಾದ ಖಾದ್ಯ ಕಿಮ್ಚಿಯ ಪಾಕವಿಧಾನದಲ್ಲಿ ‘ರುಚಿಗೆ ತಕ್ಕಷ್ಟು ಉಪ್ಪು’ ಎಂದು ಬರೆದರೆ ಸಾಲದು. ಚಿಂತಾಮಣಿ ಸಂತೆಯ ಸಾಮಾನ್ಯ ಎಲೆಕೋಸೂ ನಡೆಯುತ್ತದೆ. ಹೆಚ್ಚಿದ ಒಂದು ಕೆಜಿ ಕೋಸಿಗೆ 25 ಗ್ರಾಂ ಉಪ್ಪು ತೂಗಿ ಹಾಕಿ, ಚೆನ್ನಾಗಿ ಉಜ್ಜಿ ಎರಡು ಗಂಟೆ ಬಿಡಿ. ತೊಳೆಯಬೇಡಿ, ಬಿಟ್ಟ ನೀರನ್ನೂ ಚೆಲ್ಲಬೇಡಿ. ಉಪ್ಪು ಕಡಿಮೆಯಾದರೆ ಕೋಸು ಮೆತ್ತಗಾಗಿ ಲೋಳೆ ಬರುತ್ತದೆ.

ಗುಂಟೂರು ಖಾರದಪುಡಿಯಂತೂ ಬೇಡವೇ ಬೇಡ. ಬೀಜ ತೆಗೆದ ಬ್ಯಾಡಗಿಯನ್ನು ತರಿತರಿಯಾಗಿ ಕುಟ್ಟಿ 30 ಗ್ರಾಂ ಹಾಕಿದರೆ ಬಣ್ಣವೂ ಬರುತ್ತದೆ, ನಾಲಿಗೆಯೂ ಉಳಿಯುತ್ತದೆ. ಆರಿದ ಅಕ್ಕಿಹಿಟ್ಟಿನ ಗಂಜಿ, ಬೆಳ್ಳುಳ್ಳಿ, ಶುಂಠಿ ಬೆರೆಸಿ. ಕೋಸು ರಸದಲ್ಲಿ ಮುಳುಗಿರಬೇಕು, ಇಲ್ಲವಾದರೆ ಮೇಲೆ ಬೂಷ್ಟು. ಹುಳಿ ಬರುವಾಗ ಗಾಳಿಗುಳ್ಳೆ ಎದ್ದು ರಸ ಉಬ್ಬುವುದರಿಂದ ಜಾಡಿಯ ಕಾಲುಭಾಗ ಖಾಲಿಯಿರಲಿ. ನಮ್ಮ ಬೇಸಿಗೆಗೆ ಒಂದು ದಿನ ಹೊರಗಿಟ್ಟರೆ ಸಾಕು, ಆಮೇಲೆ ಫ್ರಿಜ್. ಒಗ್ಗರಣೆ ಮಾತ್ರ ಹಾಕಬೇಡಿ!

– ಓದುಗರು, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ