ಚಾಯ್ಸ್ ಒತ್ತುವ ಮುಂಚೆ

ಪುಟ್ಟಿ,

ಬೆಳಿಗ್ಗೆ ನೀನು ತಿಂಡಿಯೂ ತಿನ್ನದೆ ರೈಲು ಹತ್ತಿದೆ. ಫೋನ್ ಮಾಡಿದರೆ ಮತ್ತೆ ಜಗಳ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ರಾತ್ರಿ ನಡೆದದ್ದನ್ನೆಲ್ಲ ಮತ್ತೆ ಎತ್ತೋದು ಬೇಡ. ನಾನು ಅಷ್ಟು ಜೋರಾಗಿ ಮಾತಾಡಿಬಿಟ್ಟೆ, ಬೇಜಾರು ಮಾಡ್ಕೋಬೇಡ.

ಸಿಇಟಿಯಲ್ಲಿ ನಿನಗೆ ಸಿಕ್ಕಿರುವ ಕಂಪ್ಯೂಟರ್ ಸೈನ್ಸ್ ಸೀಟು ಬೇಡ ಅಂತ ನಾನು ಹೇಳಲೇ ಇಲ್ಲ. ಅದೇ ಯಾಕೆ ಅಂತ ಕೇಳಿದೆ, ಅಷ್ಟೇ. ನೀನು "ಎಲ್ಲರೂ ಅದನ್ನೇ ತಗೋತಿದ್ದಾರಲ್ಲಮ್ಮ" ಅಂದೆ. ಯಾವ ಕೋರ್ಸು, ಯಾವ ಕಾಲೇಜು ಬೇಕು ಅಂತ ಸಾಲಾಗಿ ತುಂಬುವ ಆಪ್ಷನ್ ಎಂಟ್ರಿಯನ್ನೂ ಗೆಳತಿಯ ಪಟ್ಟಿ ನೋಡಿಯೇ ತುಂಬಿದ್ದೆಯಂತೆ. ಅದನ್ನು ಕೇಳಿ ನನಗೆ ಭಯವಾಯಿತು.

ಯಾಕಂದ್ರೆ ನೀನು ಹಾಗಿರಲಿಲ್ಲ. ಅಂಕಿಗಳನ್ನು ಕೂಡಿದರೆ ಬರುವ ಮೊತ್ತ ಒಂಬತ್ತರಿಂದ ಭಾಗವಾದರೆ ಇಡೀ ಸಂಖ್ಯೆಯೂ ಭಾಗವಾಗುತ್ತೆ ಅಂತ ಆರನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಉಳಿದವರು ಬರೆದುಕೊಂಡು ಸುಮ್ಮನಾದರು. ನೀನು ಮನೆಗೆ ಬಂದು ಯಾಕೆ ಹಾಗೆ ಅಂತ ಪಟ್ಟು ಹಿಡಿದೆ. ನಾನು ಹೇಳೋಕೆ ಬಂದರೆ ಕಿವಿ ಮುಚ್ಚಿಕೊಂಡೆ. ಅಜ್ಜಿಯ ಹುಣಸೆ ಬೀಜದ ಡಬ್ಬಿ ಸುರುವಿಕೊಂಡು ನಡುಮನೆಯಲ್ಲಿ ಕೂತುಬಿಟ್ಟೆ. ಇಪ್ಪತ್ತೇಳು ಬೀಜ. ಹತ್ತರ ಎರಡು ಗುಡ್ಡೆ, ಬಿಡಿ ಏಳು. ಒಂದೊಂದು ಗುಡ್ಡೆಯಿಂದಲೂ ಒಂಬತ್ತು ತೆಗೆದರೆ ಒಂದೊಂದು ಉಳೀತು. ಆ ಎರಡು, ಈ ಏಳು, ಒಟ್ಟು ಒಂಬತ್ತು. ಅಷ್ಟಕ್ಕೆ ಬಿಡಲಿಲ್ಲ. ಊಟಕ್ಕೆ ಕರೆದರೂ ಏಳದೆ ನೂರು ಎಣಿಸಿದೆ. ತೊಂಬತ್ತೊಂಬತ್ತು ತೆಗೆದರೆ ಅಲ್ಲೂ ಒಂದೇ! ಆಗ ನಿನ್ನ ಮುಖ ಹೇಗಿತ್ತು ಗೊತ್ತಾ? ಮೇಷ್ಟ್ರು ಹೇಳಿದ್ದೇ ಸರಿ ಇತ್ತು. ಆದರೂ ಅವತ್ತು ಅದು ನಿನ್ನ ಸ್ವಂತದ್ದಾಯಿತು. ದೀಪಾವಳಿ ತನಕ ಮಂಚದಡಿ ಬೀಜ ಸಿಗುತ್ತಲೇ ಇದ್ದವು. ಈ ಕತೆಯನ್ನು ಬಂದ ನೆಂಟರಿಗೆಲ್ಲ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಆ ಹುಡುಗಿ ಕೆಲಸ, ಮದುವೆ, ಮನೆ ಎಲ್ಲವನ್ನೂ ಬೇರೆಯವರ ಪಟ್ಟಿ ನೋಡಿಯೇ ತುಂಬಿಬಿಟ್ಟರೆ?

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಕಟ್ಟಿದರು. ಸಾವಿರಾರು ಜನ ನಂಬಿದ್ದಾರೆ ಅಂದ ಮಾತ್ರಕ್ಕೆ ಅವರು ಒಪ್ಪುತ್ತಿರಲಿಲ್ಲ. ಎಷ್ಟು ವಿರೋಧ ಬಂದರೂ ಕೇಳೋದನ್ನು ಬಿಡಲಿಲ್ಲ. ಡಾರ್ವಿನ್ ತಮ್ಮ ತೀರ್ಮಾನಕ್ಕೆ ಒಗ್ಗದ ಸಂಗತಿ ಕಂಡರೆ ತಕ್ಷಣ ಬರೆದಿಡುತ್ತಿದ್ದರು. ಅಂಥವೇ ಬೇಗ ಮರೆತುಹೋಗುತ್ತವೆ ಅಂತ ಅವರಿಗೆ ಅನುಭವದಿಂದ ಗೊತ್ತಿತ್ತು. ನೀನೂ ಹಾಗೇ ಮಾಡು. ಫೋನು ಚಿಕ್ಕಮ್ಮನ ಕೈಗೆ ಕೊಟ್ಟು ಒಂದು ಗಂಟೆ ತಾರಸಿ ಮೇಲೆ ಕೂರು. ಈ ಕೋರ್ಸ್ ಯಾಕೆ ಬೇಕು, ಬರಿ. ಯಾಕೆ ಬೇಡ, ಅದನ್ನೂ ಬರಿ. ಗೆಳತಿ ಏನಂದಳು ಅಂತ ಬರೀಬೇಡ, ನಾನೇನಂದೆ ಅಂತಾನೂ ಬೇಡ. ನಾಲ್ಕು ವರ್ಷ ಓದಬೇಕಾದವಳು ನೀನು ಅಲ್ವಾ? ಬಿಡುವಾದಾಗ ಯೋಚನೆ ಮಾಡ್ತೀನಿ ಅಂದ್ರೆ ಆಗಲ್ಲ. ಬಿಡುವು ತಾನಾಗಿ ಬರೋದೇ ಇಲ್ಲ, ನಾವೇ ಮಾಡ್ಕೋಬೇಕು. ಕಾಲೇಜು ಶುರುವಾದ ಮೇಲಂತೂ ಇದು ಇನ್ನೂ ಜಾಸ್ತಿ ಬೇಕಾಗುತ್ತೆ. ಅಲ್ಲಿ ನಿನಗೆ ಹೇಳಿಕೊಡೋಕೆ ಎಲ್ಲರೂ ತಯಾರಿರುತ್ತಾರೆ.

ನಾಳೆ ಸಂಜೆ ತನಕ ಸಮಯ ಇದೆ. ಸೀಟು ಒಪ್ಪಿ ಚಾಯ್ಸ್ 1 ಒತ್ತಿದರೂ ಸರಿ, ಬೇಡ ಅಂತ 3 ಒತ್ತಿ ಮುಂದಿನ ಸುತ್ತಿಗೆ ಕಾದರೂ ಸರಿ. ಅಪ್ಪ ಫೀಸಿಗೆ ದುಡ್ಡು ಹೊಂದಿಸಿದ್ದಾರೆ. ಯಾವುದು ಒತ್ತಿದೆ ಅಂತ ಮೆಸೇಜ್ ಮಾಡು. ಯಾಕೆ ಅಂತ ಒಂದು ಸಾಲು ಸೇರಿಸು. ಆಮೇಲೆ ನಾನು ವಾದ ಮಾಡಲ್ಲ, ಆಣೆ.

ಮೊದಲು ಊಟ ಮಾಡು.

ನಿನ್ನ ಅಮ್ಮ