ಸ್ಟೆಂಟಾ, ಬೈಪಾಸಾ?
ಎಲ್ಲರಿಗೂ ನಮಸ್ಕಾರ. ಆಂಜಿಯೋಗ್ರಾಂ (ಹೃದಯದ ರಕ್ತನಾಳ ಎಲ್ಲಿ ಕಟ್ಟಿದೆ ಎಂದು ನೋಡುವ ಪರೀಕ್ಷೆ) ರಿಪೋರ್ಟ್ ಕೈಗೆ ಬಂದ ಕೂಡಲೇ ಗುಂಪಿನಲ್ಲಿ ಈ ಪ್ರಶ್ನೆ ಕೇಳುವವರು ಜಾಸ್ತಿ, ಅದಕ್ಕೇ ಇದು. ಒಂದೆರಡು ಕಡೆ ಮಾತ್ರ ರಕ್ತನಾಳ ಕಟ್ಟಿದ್ದರೆ ಸಾಮಾನ್ಯವಾಗಿ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ ಹಾಕುತ್ತಾರೆ. ಎದೆ ಕೊಯ್ಯುವುದಿಲ್ಲ, ಮಣಿಕಟ್ಟಿನ ಅಥವಾ ತೊಡೆಯ ನಾಳದಿಂದ ತೂರಿಸುತ್ತಾರೆ. ಹೃದಯದ ಮೂರೂ ಮುಖ್ಯ ನಾಳ ಕಟ್ಟಿ, ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದರೆ ಹೆಚ್ಚಾಗಿ ಬೈಪಾಸೇ ಮೇಲು. ಕಾಲಿನಿಂದಲೋ ಎದೆಯ ಒಳಗಿನಿಂದಲೋ ನಾಳ ತೆಗೆದು ರಕ್ತಕ್ಕೆ ಹೊಸ ದಾರಿ ಮಾಡುತ್ತಾರೆ. ಕೆಲವರಿಗೆ ಮಾತ್ರೆಯೇ ಸಾಕು, ಅದನ್ನೂ ಬಾಯಿಬಿಟ್ಟು ಕೇಳಿ. ಹಾರ್ಟ್ ಅಟ್ಯಾಕ್ ಆದಾಗ ಮಾತ್ರ ಈ ಚರ್ಚೆಗೆ ಟೈಮ್ ಇಲ್ಲ, ಮೊದಲು ಆಂಬುಲೆನ್ಸ್ ಕರೆಯಿರಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮಾತ್ರೆಯನ್ನು ಸುಮ್ನೆ ನಿಲ್ಲಿಸಬೇಡಿ. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರನ್ನು ಕೇಳಿ. ರಿಪೋರ್ಟ್ ಫೋಟೋ ಇಲ್ಲಿ ಹಾಕುವ ಬದಲು ಆಂಜಿಯೋಗ್ರಾಂನ ಸಿಡಿ ಹಿಡಿದು ಇನ್ನೊಬ್ಬ ಡಾಕ್ಟರಿಗೆ ತೋರಿಸಿ.