ಬಾಣಗಳಿಗೆ ಸಾಯದ ಸಂತ ಸೆಬಾಸ್ಟಿಯನ್

ಪ್ರೀತಿಯ ಮಗಳೇ,

ಬೆಂದೂರು ಇಗರ್ಜಿಯ ಹಬ್ಬದ ಫೋಟೊ ನೋಡಿ ಕೇಳಿದ್ದೆಯಲ್ಲ, ಮೈತುಂಬ ಬಾಣ ನೆಟ್ಟಿರುವ ಸಂತರ ಮುಂದೆ ಜನ ಕಾಯಿಲೆ ವಾಸಿಮಾಡೆಂದು ಯಾಕೆ ಬೇಡುತ್ತಾರೆ ಅಂತ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಈ ಕಾಗದ.

ಸಂತ ಸೆಬಾಸ್ಟಿಯನ್ ಬಗ್ಗೆ ಗಟ್ಟಿ ದಾಖಲೆ ಕಡಿಮೆ. ರೋಮಿನ 354ರ ಪಂಚಾಂಗ ಜನವರಿ 20ರಂದು ಅವರನ್ನು ನೆನೆಯುತ್ತದೆ, ಸಮಾಧಿ ಎಲ್ಲೆಂದೂ ಹೇಳುತ್ತದೆ. ಅವರು ನಮ್ಮ ಊರಿನವರು ಎಂದು ಮಿಲಾನಿನ ಬಿಷಪ್ ಅಂಬ್ರೋಸ್ ಬರೆದಿದ್ದಾರೆ. ಮಿಕ್ಕ ಕಥೆ 5ನೇ ಶತಮಾನದ್ದು.

ಆ ಕಥೆಯಲ್ಲಿ ಅವರು ಕ್ರೈಸ್ತರನ್ನು ಹಿಂಸಿಸುತ್ತಿದ್ದ ರೋಮಿನ ಡಯೊಕ್ಲೀಷಿಯನ್ ಚಕ್ರವರ್ತಿಯ ಅಂಗರಕ್ಷಕ ಪಡೆಯ ಅಧಿಕಾರಿ. ಸೆರೆಯಲ್ಲಿದ್ದ ಕ್ರೈಸ್ತರಿಗೆ ಧೈರ್ಯ ಹೇಳಲೆಂದೇ ಸೈನಿಕನ ಉಡುಪಿನ ಮರೆಯಲ್ಲಿದ್ದವರು. ಅವರೂ ಕ್ರೈಸ್ತರೆಂಬ ಗುಟ್ಟು ರಟ್ಟಾದಾಗ ಕಂಬಕ್ಕೆ ಕಟ್ಟಿ ಬಾಣ ಹೊಡೆಸಿದರು, ಸತ್ತರೆಂದು ಬಿಟ್ಟುಹೋದರು. ರಾತ್ರಿ ಹೆಣ ಹೂಳಲೆಂದು ಬಂದವಳು ಐರೀನ್ ಎಂಬ ವಿಧವೆ. ನೋಡಿದರೆ ಇನ್ನೂ ಜೀವವಿತ್ತು! ತನ್ನ ಮನೆಗೇ ಒಯ್ದು ಆರೈಕೆ ಮಾಡಿದಳು. ಆ ಮನೆ ಇದ್ದದ್ದು ಅರಮನೆಯ ಆವರಣದಲ್ಲೇ. ಸಿಕ್ಕಿಬಿದ್ದಿದ್ದರೆ ಅವಳ ತಲೆಯೂ ಉಳಿಯುತ್ತಿರಲಿಲ್ಲ. ನರ್ಸಿಂಗ್ ಓದುವ ನಿನಗೆ ಈ ಹೆಂಗಸು ಗೊತ್ತಿರಲೇಬೇಕು ಅನ್ನಿಸಿತು ನನಗೆ. ಫ್ರಾನ್ಸಿನ ಜಾರ್ಜ್ ದ ಲಾ ತೂರ್ 17ನೇ ಶತಮಾನದಲ್ಲಿ ಪಂಜಿನ ಬೆಳಕಿನಲ್ಲಿ ಅವಳನ್ನು ಚಿತ್ರಿಸಿದ್ದಾನೆ, ಹುಡುಕಿ ನೋಡು.

ಗಾಯ ಮಾಗಿದ ಮೇಲೆ ಎಲ್ಲರೂ ಊರು ಬಿಟ್ಟು ಹೋಗೆಂದರು. ಸೆಬಾಸ್ಟಿಯನ್ ಕೇಳಲಿಲ್ಲ. ಚಕ್ರವರ್ತಿ ಬರುವ ಮೆಟ್ಟಿಲ ಮೇಲೆ ನಿಂತು, ನಿರಪರಾಧಿಗಳನ್ನು ಹಿಂಸಿಸುತ್ತೀಯೆಂದು ಮುಖಕ್ಕೇ ಹೇಳಿದರು. ಈ ಸಲ ದೊಣ್ಣೆಯಿಂದ ಬಡಿದು ಕೊಂದು ಹೆಣವನ್ನು ಚರಂಡಿಗೆ ಎಸೆದರು. ಲೂಸಿನಾ ಎಂಬಾಕೆ ಅದನ್ನು ತೆಗೆಸಿ ರೋಮಿನ ಆಪ್ಪಿಯನ್ ರಸ್ತೆಯ ಬಳಿಯ ನೆಲದಡಿಯ ಸಮಾಧಿಯಲ್ಲಿ ಇಡಿಸಿದಳು. ಅವರು ರಕ್ತಸಾಕ್ಷಿಯಾದದ್ದು, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟದ್ದು, ಬಾಣದಿಂದಲ್ಲ, ಬದುಕಿ ಉಳಿದ ಮೇಲೂ ತಿರುಗಿ ಹೋದದ್ದರಿಂದ. ನನ್ನನ್ನು ಹಿಡಿದಿಟ್ಟಿರುವುದು ಆ ಎರಡನೆಯ ಹೋಗುವಿಕೆಯೇ.

ಇನ್ನು ಕಾಯಿಲೆಯ ಮಾತು. ಪಿಡುಗೆಂದರೆ ಮೇಲಿನಿಂದ ಬೀಳುವ ಬಾಣ ಎಂಬ ನಂಬಿಕೆ ಗ್ರೀಕರ ಕಾಲದ್ದು. ಬಾಣ ತಿಂದೂ ಬದುಕಿದವರಲ್ಲದೆ ಇನ್ಯಾರು ಕಾಪಾಡಿಯಾರು? 680ರ ಹೊತ್ತಿಗೆ ಇಟಲಿಯ ಪಾವಿಯಾದಲ್ಲಿ ಪ್ಲೇಗ್ ಬಂದಾಗ ಸಂತರ ಹೆಸರಿನಲ್ಲಿ ಪೀಠ ಸ್ಥಾಪಿಸಿದ ಮೇಲೆ ಅದು ನಿಂತಿತೆಂದು ಚರಿತ್ರೆಕಾರ ಪಾಲ್ ಬರೆದಿದ್ದಾನೆ. ಹರಕೆಗಳು ಬೆಳೆದದ್ದು ಅಲ್ಲಿಂದ. ಸುಂದರ ಯುವಕನ ರೂಪ ಮಾತ್ರ ಆಮೇಲಿನ ಚಿತ್ರಕಾರರದ್ದು. ರೋಮಿನ ಹಳೆಯ ಮೊಸಾಯಿಕ್ಕಿನಲ್ಲಿ ಅವರು ಗಡ್ಡಧಾರಿ ಮುದುಕ.

ಕೇರಳದ ಆರ್ತುಂಕಲ್ ಬೆಸಿಲಿಕಾದಲ್ಲಿ ಶಬರಿಮಲೆಯಿಂದ ಮರಳುವ ಅಯ್ಯಪ್ಪ ಭಕ್ತರೂ ಈ ಸಂತರ ಮುಂದೆ ಮಾಲೆ ಕಳಚುತ್ತಾರೆ. ಜನವರಿಯಲ್ಲಿ ನಿನಗೆ ರಜೆ ಸಿಕ್ಕರೆ ಒಟ್ಟಿಗೆ ಹೋಗೋಣ. ಬೇಗ ತಿಳಿಸು, ರೈಲು ಟಿಕೆಟ್ ಮಾಡಿಸಬೇಕು.

ನಿನ್ನ ಅಪ್ಪ